ಆಪರೇಷನ್ನಿಗೆ ಮುಂಚೆ ಬರಿಹೊಟ್ಟೆ ಎಷ್ಟು ಹೊತ್ತು? ಸಿಹಿನೀರು ಯಾರಿಗೆ?



ಅಡಿಕೆ ಸುಲಿತ ಮುಗಿದು, ಕಾಫಿ ಕಣದಿಂದ ಎದ್ದು ಚೀಲ ಸೇರಿದ ಮೇಲೆ, ಮುಂಗಾರು ಹಿಡಿಯುವ ತನಕದ ಎರಡು ಮೂರು ತಿಂಗಳು ನಮ್ಮ ಕಡೆ ಆಪರೇಷನ್ನಿನ ಕಾಲ. ವರ್ಷವಿಡೀ “ಕೊಯ್ಲಾಗಲಿ, ಆಮೇಲೆ ನೋಡೋಣ” ಎಂದು ಮುಂದೂಡಿದ ಹರ್ನಿಯ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆ, ಮಂಡಿಯ ಸವೆತ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಆರಂಭವಾಗಿ, 2018ರಲ್ಲಿ ಬೇರೆ ಯೋಜನೆಯೊಳಗೆ ಸೇರಿಹೋಗಿ, 2022-23ರ ರಾಜ್ಯ ಆಯವ್ಯಯದಲ್ಲಿ ಮತ್ತೆ ಪ್ರಕಟವಾದ ಯಶಸ್ವಿನಿ ಯೋಜನೆಯ ವಿಚಾರ ಕೇಳಲು ಕಚೇರಿಗೆ ಬರುವವರ ಸಂಖ್ಯೆಯೂ ಆಗಲೇ ಹೆಚ್ಚು.

ಹಣದ ಪ್ರಶ್ನೆಗಳ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. “ಆಪರೇಷನ್ನಿಗೆ ಮೊದಲು ಸಿಹಿ ಪಾನೀಯ ಕುಡಿದರೆ ಬೇಗ ಚೇತರಿಸಿಕೊಳ್ಳುತ್ತಾರಂತೆ, ನಿಜವೇ? ನನಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಕುಡಿಯಬಹುದೇ?” ಎಂಬುದು ಅದು. ನಾನು ವೈದ್ಯನಲ್ಲ, ನಿಮ್ಮಂತೆಯೇ ತೋಟಗಾರ. ಆದರೆ ಈ ವಿಷಯದಲ್ಲಿ ಅರ್ಧ ತಿಳಿದು ಮಾಡಿದರೆ ಜೀವಕ್ಕೇ ಸಂಚಕಾರ ಬರಬಹುದಾದ್ದರಿಂದ, ಓದಿ ತಿಳಿದದ್ದನ್ನು ಕ್ರಮವಾಗಿ ಇಲ್ಲಿ ಇಟ್ಟಿದ್ದೇನೆ.

ಬರಿಹೊಟ್ಟೆ ಏಕೆ?

ಅರಿವಳಿಕೆ ಕೊಟ್ಟಾಗ ಮನುಷ್ಯನಿಗೆ ಕೆಮ್ಮುವ, ನುಂಗುವ ಸ್ವಾಧೀನ ತಪ್ಪುತ್ತದೆ. ಆಗ ಹೊಟ್ಟೆಯಲ್ಲಿದ್ದ ಅನ್ನವೋ ಹುಳಿನೀರೋ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟಬಹುದು, ಇಲ್ಲವೇ ಶ್ವಾಸಕೋಶ ಸುಟ್ಟಂತಾಗಿ ಊದಿಕೊಳ್ಳಬಹುದು. ಬರಿಹೊಟ್ಟೆಯ ನಿಯಮಕ್ಕೆ ಮುಖ್ಯ ಕಾರಣ ಇದೇ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗವಾಯಿತು. ಆಮೇಲೆ ಬಹಳ ವರ್ಷ ವೈದ್ಯರು ಘನ ಆಹಾರಕ್ಕೂ ತಿಳಿಯಾದ ದ್ರವಕ್ಕೂ ಭೇದ ಮಾಡುತ್ತಿದ್ದರು. ಗಾಯ ಕೀವಾಗದಂತೆ ಆಪರೇಷನ್ ಮಾಡುವ ವಿಧಾನವನ್ನು ಲೋಕಕ್ಕೆ ಕಲಿಸಿದ ಜೋಸೆಫ್ ಲಿಸ್ಟರ್, 1883ರಲ್ಲಿ ಬರೆಯುತ್ತ, ಹೊಟ್ಟೆಯಲ್ಲಿ ಘನ ಪದಾರ್ಥ ಇರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಬಟ್ಟಲು ಚಹಾ ಕೊಡುವುದು ಒಳ್ಳೆಯದೇ ಎಂದಿದ್ದರು.

ನಿಯಮ ಬಿಗಿಯಾದದ್ದು 1946ರ ನಂತರ. ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಆ ವರ್ಷ ತಮ್ಮ ಆಸ್ಪತ್ರೆಯ 1932ರಿಂದ 1945ರವರೆಗಿನ 44,016 ಬಸುರಿಯರ ಲೆಕ್ಕ ತೆಗೆದು, 66 ಮಂದಿಗೆ ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದಿತ್ತೆಂದು ತೋರಿಸಿದರು. ಸತ್ತ ಇಬ್ಬರಿಗೂ ಉಸಿರು ಕಟ್ಟಿದ್ದು ಘನ ಆಹಾರದಿಂದ. ಹೊಟ್ಟೆಯ ಹುಳಿ ಶ್ವಾಸಕೋಶಕ್ಕೆ ಎಷ್ಟು ಕೇಡು ಎಂಬುದನ್ನೂ ಅವರು ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅಲ್ಲಿಂದ ಮುಂದೆ “ರಾತ್ರಿ ಹನ್ನೆರಡರ ಮೇಲೆ ಬಾಯಿಗೆ ಹನಿ ನೀರೂ ಬೇಡ” ಎಂಬ ಮಾತು ಎಲ್ಲೆಡೆ ಬಳಕೆಗೆ ಬಂತು. ಹೇಳುವುದಕ್ಕೂ ನೆನಪಿಡುವುದಕ್ಕೂ ಸುಲಭವಾದ ನಿಯಮ, ಹಾಗಾಗಿ ಬೇರೂರಿತು.

ನೀರಿಗೆ ಎರಡು ಗಂಟೆ, ಊಟಕ್ಕೆ ಆರು ಗಂಟೆ

ಆದರೆ ಹೊಟ್ಟೆ ನೀರನ್ನೂ ಅನ್ನವನ್ನೂ ಒಂದೇ ವೇಗದಲ್ಲಿ ಕೆಳಗೆ ಬಿಡುವುದಿಲ್ಲ. ಗದ್ದೆಯ ತೂಬಿನಲ್ಲಿ ನೀರು ಸರಾಗ ಹರಿದು ಹೋಗುತ್ತದೆ, ಕಸಕಡ್ಡಿ ನಿಲ್ಲುತ್ತದೆ, ಇದೂ ಹಾಗೆಯೇ. 1986ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ರೋಜರ್ ಮಾಲ್ಟ್ಬಿ ಮತ್ತು ಸಂಗಡಿಗರು ಆಪರೇಷನ್ನಿಗೆ ಎರಡು ಮೂರು ಗಂಟೆ ಮೊದಲು ಕೆಲವರಿಗೆ 150 ಮಿಲಿ ಲೀಟರ್ ನೀರು ಕೊಟ್ಟು ಹೊಟ್ಟೆಯನ್ನು ಪರೀಕ್ಷಿಸಿದರು. ನೀರು ಕುಡಿದವರ ಹೊಟ್ಟೆಯಲ್ಲಿ ದ್ರವ ಹೆಚ್ಚಿರಲಿಲ್ಲ. ಏನೂ ಕುಡಿಯದೆ ಇದ್ದವರಿಗಿಂತ ಕಡಿಮೆಯೇ ಇತ್ತು.

ಇಂಥ ಪರೀಕ್ಷೆಗಳನ್ನು ಆಧರಿಸಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಹೊಸ ನಿಯಮ ಪ್ರಕಟಿಸಿತು. ಬಳಿಕ ಹಲವು ಬಾರಿ ಅದನ್ನು ಪರಿಶೀಲಿಸಿದ್ದರೂ ಈ ಅವಧಿಗಳ ತಿರುಳು ಉಳಿದುಬಂದಿದೆ. ಆರೋಗ್ಯವಂತರಿಗೆ, ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಿಗೆ:

ತಿಳಿ ದ್ರವ – 2 ಗಂಟೆ ಮೊದಲಿನವರೆಗೆ.
ಮಗುವಿಗೆ ತಾಯಿಯ ಹಾಲು – 4 ಗಂಟೆ ಮೊದಲಿನವರೆಗೆ.
ಹಗುರ ಉಪಾಹಾರ, ಹಸುವಿನ ಹಾಲು – 6 ಗಂಟೆ ಮೊದಲಿನವರೆಗೆ.
ಎಣ್ಣೆಯಲ್ಲಿ ಕರಿದದ್ದು, ಮಾಂಸದೂಟ – 8 ಗಂಟೆ ಅಥವಾ ಇನ್ನೂ ಹೆಚ್ಚು.

ತಿಳಿ ದ್ರವವೆಂದರೆ ಲೋಟದ ಆಚೆ ಬದಿ ಕಾಣುವಂಥದ್ದು: ನೀರು, ತಿರುಳಿಲ್ಲದ ಶೋಧಿಸಿದ ಹಣ್ಣಿನ ರಸ, ಹಾಲು ಹಾಕದ ಚಹಾ. ನಮ್ಮ ಸದಸ್ಯರಿಗೆ ಸಂತೋಷದ ಸಂಗತಿಯೆಂದರೆ ಹಾಲಿಲ್ಲದ ಕಪ್ಪು ಕಾಫಿಯೂ ಈ ಪಟ್ಟಿಯಲ್ಲಿದೆ. ಆದರೆ ನಮ್ಮ ಮನೆಗಳ ಹಾಲು ಕಾಫಿ, ಹಾಲು ಬೆಲ್ಲ ಹಾಕಿದ ಜೀರಿಗೆ ಕಷಾಯ, ರಾಗಿ ಅಂಬಲಿ, ಗಂಜಿ, ಮಜ್ಜಿಗೆ – ಇವು ಕುಡಿಯುವ ಪದಾರ್ಥಗಳಾದರೂ ಹೊಟ್ಟೆಯ ಲೆಕ್ಕದಲ್ಲಿ ಆಹಾರವೇ. “ಏನೂ ತಿಂದಿಲ್ಲ, ಬರೀ ಕಾಫಿ ಕುಡಿದೆ” ಎಂಬ ಮಾತಿನಲ್ಲಿರುವ ಅಪಾಯ ಇದು.

ಒಣ ಉಪವಾಸದ ಕೇಡು

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದು ಗೊತ್ತಾಗಿತ್ತು. ಹಿಂದಿನ ರಾತ್ರಿ ಒಂಬತ್ತಕ್ಕೆ ಊಟ ಮಾಡಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಮಲಗಿದರು. ಬೆಳಿಗ್ಗೆ ತುರ್ತು ಹೆರಿಗೆಯ ಕೇಸು ಬಂತು. ಅಂಥ ಸಮಯದಲ್ಲಿ ವೈದ್ಯರು ತಾನೇ ಏನು ಮಾಡಿಯಾರು? ಇವರ ಸರದಿ ಮಧ್ಯಾಹ್ನ ಎರಡೂವರೆಗೆ ಹೋಯಿತು. ಹನ್ನೊಂದರ ಸುಮಾರಿಗೆ ಮೈ ಬೆವೆತು, ಕೈ ನಡುಗಿ, ಮಾತು ತಡವರಿಸಿತು. ಪಕ್ಕದಲ್ಲಿದ್ದ ಮಗ ದಾದಿಯನ್ನು ಕರೆದು ತಂದುದರಿಂದ, ರಕ್ತದ ಸಕ್ಕರೆ ಇಳಿದದ್ದು ತಿಳಿದು, ನರದ ಮೂಲಕ ಗ್ಲೂಕೋಸ್ ಕೊಟ್ಟರು. ಎಲ್ಲವೂ ಸುಖವಾಗಿ ಮುಗಿಯಿತು. ಆದರೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಅಥವಾ ಅರಿವಳಿಕೆ ಕೊಟ್ಟ ಮೇಲೆ ಸಕ್ಕರೆ ಇಳಿದಿದ್ದರೆ, ಬೆವರು ನಡುಕದ ಸೂಚನೆ ಸುಲಭವಾಗಿ ಸಿಗುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಇಲ್ಲದವರಿಗೂ ದೀರ್ಘ ಉಪವಾಸ ಹಿತವಲ್ಲ. ಪಿತ್ತಜನಕಾಂಗವು ದೇಹದ ಉಗ್ರಾಣ. ಊಟವಾದ ಮೇಲೆ ಸುಮಾರಾಗಿ 100 ಗ್ರಾಂ ಸಕ್ಕರೆಯ ದಾಸ್ತಾನನ್ನು ಅದು ಇಟ್ಟುಕೊಂಡಿರುತ್ತದೆ. ರಾತ್ರಿಯಿಡೀ ಉಪವಾಸವಿದ್ದರೆ ದಾಸ್ತಾನಿನ ಬಹುಭಾಗ ಖರ್ಚಾಗುತ್ತದೆ. ಆ ಸ್ಥಿತಿಯಲ್ಲಿ ಚಾಕು ಹಾಕಿದಾಗ ದೇಹ ಗಾಬರಿಗೊಂಡು, ಸ್ನಾಯುಗಳನ್ನು ಕರಗಿಸಿಯಾದರೂ ಸಕ್ಕರೆ ತಯಾರಿಸುತ್ತದೆ. ಅದೇ ಹೊತ್ತಿಗೆ ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಸರಿಯಾಗಿ ಕೇಳುವುದಿಲ್ಲ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಹೀಗಾಗಿ ಸಕ್ಕರೆ ಕಾಯಿಲೆಯೇ ಇಲ್ಲದವರ ರಕ್ತದಲ್ಲೂ ಆಪರೇಷನ್ನಿನ ನಂತರ ಸಕ್ಕರೆ ಏರುತ್ತದೆ. ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದವರಲ್ಲಿ ಈ ಪ್ರತಿರೋಧ ಪೂರ್ತಿ ಇಳಿಯಲು ಎರಡು ಮೂರು ವಾರ ಬೇಕಾಯಿತೆಂದು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಸಕ್ಕರೆ ಏರಿದ ರಕ್ತದಲ್ಲಿ ಗಾಯ ಬೇಗ ಮಾಯುವುದಿಲ್ಲ, ಕೀವಾಗುವ ಸಂಭವವೂ ಹೆಚ್ಚು.

ಸ್ವೀಡನ್ನಿನ ಸಿಹಿನೀರು

ಸಿಹಿ ಪಾನೀಯದ ವಿಚಾರ ಹುಟ್ಟಿದ್ದು ಇಲ್ಲಿಯೇ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ಶಸ್ತ್ರವೈದ್ಯ ಊಲ್ಲೆ ಯೂಂಗ್‌ಕ್ವಿಸ್ಟ್ ಮೊದಲು ಪ್ರಾಣಿಗಳಲ್ಲಿ, ಹಸಿದಿದ್ದಾಗಿನ ರಕ್ತಸ್ರಾವಕ್ಕಿಂತ ಉಂಡಿದ್ದಾಗಿನ ರಕ್ತಸ್ರಾವವನ್ನು ದೇಹ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರು. ಪಾತಿಯ ಕಾಫಿ ಸಸಿಯನ್ನು ಕೀಳುವ ಮೊದಲು ನಾವು ನೀರುಣಿಸುತ್ತೇವೆ, ಒಣಗಿಸಿ ಕೀಳುವುದಿಲ್ಲ. ಆ ವಿವೇಕವೇ ಇಲ್ಲಿಯೂ. 1990ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ರೋಗಿಗಳಿಗೆ ಮೊದಲು ನರದ ಮೂಲಕ ಗ್ಲೂಕೋಸ್ ಕೊಟ್ಟು, ನಂತರ ಬಾಯಲ್ಲಿ ಕುಡಿಯುವ ಪಾನೀಯವನ್ನೇ ರೂಪಿಸಿದರು.

ಅದರ ಪ್ರಮಾಣ ಹೀಗೆ: ನೂರು ಮಿಲಿ ಲೀಟರಿಗೆ ಹನ್ನೆರಡೂವರೆ ಗ್ರಾಂ ಶರ್ಕರಪಿಷ್ಟ. ಹಿಂದಿನ ಸಂಜೆ 800 ಮಿಲಿ ಲೀಟರ್, ಅಂದರೆ 100 ಗ್ರಾಂ. ಆಪರೇಷನ್ನಿನ ದಿನ ಎರಡು ಗಂಟೆ ಮೊದಲಿಗೆ 400 ಮಿಲಿ ಲೀಟರ್, ಅಂದರೆ 50 ಗ್ರಾಂ. ಅದರಲ್ಲಿ ಮುಖ್ಯವಾಗಿ ಇರುವುದು ಅಡಿಗೆಯ ಸಕ್ಕರೆಯಲ್ಲ, ಮಾಲ್ಟೋಡೆಕ್ಸ್ಟ್ರಿನ್ ಎಂಬ, ಪಿಷ್ಟವನ್ನು ಒಡೆದು ಮಾಡಿದ ಪದಾರ್ಥ. ಅಷ್ಟೇ ಗಾಢವಾದ ಬರೀ ಗ್ಲೂಕೋಸ್ ನೀರಾದರೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ; ಮಾಲ್ಟೋಡೆಕ್ಸ್ಟ್ರಿನ್ ಬೇಗ ಕೆಳಗಿಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಕದಡಿದ ಬೆಲ್ಲದ ಪಾನಕವಾಗಲಿ, ಅಂಗಡಿಯ ಗ್ಲೂಕೋಸ್ ಪುಡಿಯಾಗಲಿ ಇದಕ್ಕೆ ಬದಲಿಯಲ್ಲ. ಎಳನೀರಿನಲ್ಲೂ ಇಷ್ಟು ಸಕ್ಕರೆ ಇರುವುದಿಲ್ಲ; ಪೊಟ್ಯಾಸಿಯಮ್ ಮಾತ್ರ ಸಾಕಷ್ಟಿರುತ್ತದೆ, ಮೂತ್ರಪಿಂಡದ ತೊಂದರೆಯಿರುವವರಿಗೆ ಅದು ಆಗುವುದಿಲ್ಲ.

ಫಲ ಎಷ್ಟು?

ಇಲ್ಲಿ ತೂಕದ ಮಾತು ಬೇಕು. 2014ರಲ್ಲಿ ಕಾಕ್ರೇನ್ ಸಂಸ್ಥೆಯವರು ಒಟ್ಟು 1976 ರೋಗಿಗಳಿದ್ದ 27 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಪಾನೀಯ ಕುಡಿದವರು ಆಸ್ಪತ್ರೆಯಿಂದ ಸರಾಸರಿ ಒಂದು ದಿನದ ಮೂರನೇ ಒಂದು ಭಾಗದಷ್ಟು ಬೇಗ ಮನೆಗೆ ಹೋಗಿದ್ದರು, ಅಷ್ಟೆ. ತೊಡಕುಗಳು ಕಡಿಮೆಯಾದುದಕ್ಕೆ ಪುರಾವೆ ಸಿಗಲಿಲ್ಲ. 2018ರಲ್ಲಿ ಇಟಲಿಯಿಂದ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ನಿಗೆ ಬಂದ, ಸಕ್ಕರೆ ಕಾಯಿಲೆ ಇಲ್ಲದ 662 ಮಂದಿಯಲ್ಲಿ ಅರ್ಧ ಜನಕ್ಕೆ ಈ ಪಾನೀಯ, ಉಳಿದರ್ಧಕ್ಕೆ ಬರೀ ನೀರು ಕೊಟ್ಟರು. ಕೀವು ಸೋಂಕಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸವಾಗಲಿಲ್ಲ. ಆದರೆ ಸಕ್ಕರೆ ಏರಿ ಇನ್ಸುಲಿನ್ ಬೇಕಾದವರು ನೀರಿನ ಗುಂಪಿನಲ್ಲಿ ನೂರಕ್ಕೆ 16, ಪಾನೀಯದ ಗುಂಪಿನಲ್ಲಿ ನೂರಕ್ಕೆ 2.4.

ಹೀಗೆ, ದೊಡ್ಡ ಆಪರೇಷನ್ನಿಗೆ ಹೋಗುವ ಸಕ್ಕರೆ ಕಾಯಿಲೆ ಇಲ್ಲದವರಿಗೆ ಇದರಿಂದ ಸ್ವಲ್ಪ ಉಪಕಾರವಿದೆ. ಬಾಯಾರಿಕೆ, ಹಸಿವು, ಕಳವಳ ಕಡಿಮೆಯಾಗುತ್ತವೆ. ಆಸ್ಪತ್ರೆಯವರು ಕೊಟ್ಟರೆ ಸಂತೋಷವಾಗಿ ಕುಡಿಯಿರಿ. ಕೊಡದಿದ್ದರೆ ಚಿಂತೆ ಬೇಡ. ಎರಡು ಗಂಟೆ ಮೊದಲಿನವರೆಗೆ ನೀರು ಕುಡಿಯಲು ಅನುಮತಿ ಸಿಕ್ಕರೂ ಮುಕ್ಕಾಲು ಕಷ್ಟ ನೀಗಿದಂತೆ.

ಸಕ್ಕರೆ ಕಾಯಿಲೆಯವರ ಮಾತು ಬೇರೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವೂ 13 ಕೋಟಿಗೂ ಹೆಚ್ಚು ಜನರಿಗೆ ಅದರ ಮುನ್ಸೂಚನೆಯೂ ಇದೆ ಎಂದು ಅಂದಾಜಾಯಿತು. ನಮ್ಮ ವಾರ್ಷಿಕ ಸಭೆಯ ಊಟದಲ್ಲಿ ಪಾಯಸ ಬೇಡವೆನ್ನುವವರನ್ನು ಎಣಿಸಿದರೂ ಇದು ತಿಳಿಯುತ್ತದೆ.

ಯುರೋಪಿನ ಅರಿವಳಿಕೆ ತಜ್ಞರ ಸಂಘ 2011ರಲ್ಲಿ, ಸಿಹಿ ಪಾನೀಯವನ್ನು ಎರಡು ಗಂಟೆ ಮೊದಲು ಕುಡಿಯುವುದು ಮಧುಮೇಹಿಗಳಿಗೂ ಸುರಕ್ಷಿತ ಎಂದು ಹೇಳಿದ್ದುಂಟು. 2008ರಲ್ಲಿ ಸ್ವೀಡನ್ನಿನಲ್ಲಿ 25 ಮಂದಿ ಮಧುಮೇಹಿಗಳಿಗೆ ಕೊಟ್ಟು ನೋಡಿದಾಗ ಹೊಟ್ಟೆ ತಡವಾಗಿ ಖಾಲಿಯಾಗಲಿಲ್ಲ. ಆದರೆ ರಕ್ತದ ಸಕ್ಕರೆ ಮಾತ್ರ ಇತರರಿಗಿಂತ ಮೇಲೇರಿ, ನಿಧಾನವಾಗಿ ಇಳಿಯಿತು. ಅಂದರೆ ಹೊಟ್ಟೆಯ ಮಟ್ಟಿಗೆ ಸುರಕ್ಷಿತ ಎಂಬುದು ಒಂದು ಮಾತು, ಸಕ್ಕರೆಯ ಹತೋಟಿಗೆ ಒಳ್ಳೆಯದು ಎಂಬುದು ಇನ್ನೊಂದು ಮಾತು. ಎರಡನೆಯದಕ್ಕೆ ಮಧುಮೇಹಿಗಳಲ್ಲಿ ಗಟ್ಟಿ ಪುರಾವೆ ಇಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಬ್ರಿಟನ್ನಿನ ವೈದ್ಯರು ಇದನ್ನು ಕೊಡಬೇಡಿ ಎನ್ನುತ್ತಾರೆ. ಬಹುಕಾಲದ ಮಧುಮೇಹದಿಂದ ನರಗಳು ಸೊರಗಿದವರ ಹೊಟ್ಟೆ ತಾನಾಗಿಯೇ ನಿಧಾನ. ಅವರಿಗೆ ಎರಡು ಗಂಟೆಯ ಲೆಕ್ಕವನ್ನೂ ನೆಚ್ಚುವಂತಿಲ್ಲ. ಬಸುರಿಯರು, ಕರುಳು ಕಟ್ಟಿದವರು, ಅಪಘಾತವಾಗಿ ಬಂದವರು ಇವರಿಗೂ ಹಾಗೆಯೇ. ಆದುದರಿಂದ ಮಧುಮೇಹಿಗಳು ಯಾರೋ ಹೇಳಿದರೆಂದು, ಮೊಬೈಲಿನಲ್ಲಿ ಬಂತೆಂದು ಸಿಹಿನೀರು ಕುಡಿಯಬಾರದು. ಅರಿವಳಿಕೆಯ ವೈದ್ಯರು ಬರೆದುಕೊಟ್ಟರೆ ಮಾತ್ರ ಕುಡಿಯಬಹುದು.

ಹತೋಟಿ ಮೂರು ತಿಂಗಳ ಮೊದಲೇ

ಮಧುಮೇಹಿಗೆ ನಿಜವಾದ ಉಪಕಾರ ಹಿಂದಿನ ರಾತ್ರಿಯ ಪಾನೀಯದಿಂದ ಆಗುವುದಿಲ್ಲ, ಹಿಂದಿನ ಮೂರು ತಿಂಗಳ ಹತೋಟಿಯಿಂದ ಆಗುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಸುಮಾರು ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುತ್ತದೆ. ಸಾಧ್ಯವಾದಲ್ಲೆಲ್ಲ ಇದು 8ಕ್ಕಿಂತ ಕೆಳಗಿರಲಿ ಎಂದು ಅಮೆರಿಕದ ಮಧುಮೇಹ ಸಂಘ, 8.5ಕ್ಕಿಂತ ಕೆಳಗಿರಲಿ ಎಂದು ಬ್ರಿಟನ್ನಿನ ತಜ್ಞರು ಹೇಳುತ್ತಾರೆ. ಮಾರ್ಚಿಯಲ್ಲಿ ಆಪರೇಷನ್ ಎಂದು ಮನಸ್ಸು ಮಾಡಿದವರು ಕೊಯ್ಲಿನ ಆರಂಭದಲ್ಲೇ, ನವೆಂಬರ್ ಡಿಸೆಂಬರಿನಲ್ಲಿಯೇ, ಈ ಪರೀಕ್ಷೆ ಮಾಡಿಸಿದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಆಪರೇಷನ್ನಿನ ಮುನ್ನಾದಿನ ಸಕ್ಕರೆ 350 ಕಂಡು, ಬಾಡಿಗೆ ಜೀಪು ಮಾಡಿಕೊಂಡು ಹೋದವರು ಬರಿಗೈಲಿ ಹಿಂತಿರುಗುವುದು ತಪ್ಪುತ್ತದೆ.

ಆಪರೇಷನ್ನಿನ ಹೊತ್ತಿಗೆ ಸಕ್ಕರೆ ಸುಮಾರು 100ರಿಂದ 180 ಮಿಲಿಗ್ರಾಂ ಒಳಗಿರಬೇಕೆಂಬುದು ಸಾಮಾನ್ಯ ಗುರಿ. ಇನ್ನೂ ಬಿಗಿ ಮಾಡಿದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. 2001ರಲ್ಲಿ ಬೆಲ್ಜಿಯಮ್ಮಿನ ಒಂದು ಪ್ರಯೋಗ ಹೌದು ಎಂದಿತು. ಆದರೆ 2009ರಲ್ಲಿ ತೀವ್ರ ನಿಗಾ ಘಟಕಗಳ 6104 ರೋಗಿಗಳ ದೊಡ್ಡ ಪ್ರಯೋಗದಲ್ಲಿ, 81ರಿಂದ 108ರ ನಡುವೆ ಬಿಗಿಹಿಡಿದ ಗುಂಪಿನಲ್ಲಿ ನೂರಕ್ಕೆ 27.5 ಮಂದಿಯೂ, 180ರ ಕೆಳಗಿದ್ದರೆ ಸಾಕೆಂದು ಬಿಟ್ಟ ಗುಂಪಿನಲ್ಲಿ 24.9 ಮಂದಿಯೂ ತೊಂಬತ್ತು ದಿನದೊಳಗೆ ತೀರಿಕೊಂಡರು. ಸಕ್ಕರೆ ಏರುವುದು ಕೇಡಾದರೆ, ಅತಿಯಾಗಿ ಇಳಿಸುವುದೂ ಕೇಡೇ. 70ಕ್ಕಿಂತ ಕೆಳಗಿಳಿದರೆ ಕೂಡಲೇ ಚಿಕಿತ್ಸೆ ಬೇಕು.

ಗುಳಿಗೆಗಳ ಲೆಕ್ಕ

ಯಾವ ಗುಳಿಗೆಯನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ಆದರೆ ಕೇಳುವುದು ನಮ್ಮ ಕೆಲಸ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಇವುಗಳ ಬೆಳಗಿನ ಸರದಿಯನ್ನು ಸಾಮಾನ್ಯವಾಗಿ ಅಂದು ಬಿಡಿಸುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕನಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳನ್ನು ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2020ರಲ್ಲಿ ಸೂಚಿಸಿತು. ಇವನ್ನು ಸೇವಿಸುತ್ತ ಉಪವಾಸವಿದ್ದರೆ, ರಕ್ತದ ಸಕ್ಕರೆ ಹೆಚ್ಚು ಏರದೆಯೇ ರಕ್ತ ಹುಳಿಯಾಗುವ ಅಪಾಯವುಂಟು. ಹೃದಯಕ್ಕೆಂದು, ಮೂತ್ರಪಿಂಡಕ್ಕೆಂದು ಇದೇ ಗುಳಿಗೆ ನುಂಗುವವರೂ ಇದ್ದಾರೆ, ಅವರೂ ಹೇಳಬೇಕು. ಸೆಮಾಗ್ಲುಟೈಡ್‌ನಂಥ ವಾರದ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಅದನ್ನು ಮುಚ್ಚಿಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು “ಊಟವಿಲ್ಲವಲ್ಲ” ಎಂದು ತಾವಾಗಿ ಪೂರ್ತಿ ನಿಲ್ಲಿಸಬಾರದು. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿನ ಪ್ರಮಾಣವನ್ನು ಸಾಮಾನ್ಯವಾಗಿ ಇಳಿಸುತ್ತಾರೆ, ತೆಗೆದುಹಾಕುವುದಿಲ್ಲ.

ಎಲೆ ಅಡಿಕೆಯ ಮಾತು

ಅಡಿಕೆ ಬೆಳೆದು ಬದುಕುವ ನಾವೇ ಇದನ್ನು ಹೇಳಬೇಕಾಗಿದೆ. ಆಪರೇಷನ್ನಿನ ದಿನ ಬೆಳಿಗ್ಗೆ ಬಾಯಿಗೆ ಎಲೆ ಅಡಿಕೆ ಹಾಕಬಾರದು; ದವಡೆಯಲ್ಲಿ ಉಳಿದ ಚೂರು ಗಂಟಲಿಗೆ ಇಳಿಯಬಹುದು. ವರ್ಷಗಟ್ಟಲೆ ಜಗಿದು ಬಾಯಿಯ ಒಳಚರ್ಮ ಗಟ್ಟಿಯಾಗಿ, ಬಾಯಿ ಪೂರ್ತಿ ತೆರೆಯಲಾರದವರಿಗೆ ಉಸಿರಿನ ಕೊಳವೆ ಹಾಕುವುದು ಅರಿವಳಿಕೆ ವೈದ್ಯರಿಗೆ ಬಹಳ ಕಷ್ಟ. ಮೊದಲೇ ತಿಳಿಸಿದರೆ ಅವರು ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ.

ಕೇಳಬೇಕಾದ ಪ್ರಶ್ನೆಗಳು

ಆಪರೇಷನ್ನಿನ ದಿನ ಗೊತ್ತಾದ ಕೂಡಲೇ, ರೋಗಿಯ ಜೊತೆ ಹೋಗುವ ಮನೆಯವರು ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

1. ಎಷ್ಟು ಗಂಟೆಯವರೆಗೆ ಊಟ, ಎಷ್ಟು ಗಂಟೆಯವರೆಗೆ ನೀರು?
2. ಸಿಹಿ ಪಾನೀಯ ಕೊಡುತ್ತೀರಾ? ಇವರಿಗೆ ಸಕ್ಕರೆ ಕಾಯಿಲೆ ಇದೆ, ಕೊಡಬಹುದೇ?
3. ಈ ಗುಳಿಗೆ, ಚುಚ್ಚುಮದ್ದುಗಳಲ್ಲಿ ಯಾವುದನ್ನು, ಯಾವತ್ತಿನಿಂದ ನಿಲ್ಲಿಸಬೇಕು? (ಗುಳಿಗೆಯ ಪಟ್ಟಿಗಳನ್ನೇ ಚೀಲದಲ್ಲಿ ಒಯ್ದು ತೋರಿಸಿರಿ.)
4. ಮಧುಮೇಹಿಯಾದುದರಿಂದ ಬೆಳಗಿನ ಮೊದಲ ಸರದಿ ಸಿಗಬಹುದೇ?
5. ಸರದಿ ತಡವಾದರೆ ಮತ್ತೆ ನೀರು ಕುಡಿಸಬಹುದೇ? ಸಕ್ಕರೆಯನ್ನು ಎಷ್ಟು ಗಂಟೆಗೊಮ್ಮೆ ನೋಡುತ್ತೀರಿ?

ಆಸ್ಪತ್ರೆಯವರು ಕಾರಣವಿದ್ದು ಹೆಚ್ಚು ಹೊತ್ತಿನ ಉಪವಾಸ ಹೇಳಿದರೆ ಅದನ್ನೇ ಪಾಲಿಸಬೇಕು. ಈ ಲೇಖನ ತೋರಿಸಿ ವಾದ ಮಾಡಬಾರದು. ಮರೆತು ಏನಾದರೂ ತಿಂದಿದ್ದರೆ, ದಾರಿಯ ಬಸ್ ನಿಲ್ದಾಣದಲ್ಲಿ ಅರ್ಧ ಲೋಟ ಹಾಲು ಕಾಫಿ ಕುಡಿದಿದ್ದರೂ ಸಹ, ಬೈಯುತ್ತಾರೆಂದು ಅಂಜದೆ ಹೇಳಿಬಿಡಬೇಕು. ಆಪರೇಷನ್ ಒಂದು ದಿನ ಮುಂದೆ ಹೋದರೆ ಖರ್ಚು ಕೆಲವು ನೂರು ರೂಪಾಯಿ. ಮುಚ್ಚಿಟ್ಟರೆ ಜೀವವೇ ಹೋಗಬಹುದು.

ಈ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಸಂಘದ ಕಚೇರಿಯ ಸೂಚನಾ ಫಲಕದಲ್ಲಿ ಹಾಕಲಾಗಿದೆ. ಪ್ರತಿ ಬೇಕಾದ ಸದಸ್ಯರು ಗುಮಾಸ್ತರಲ್ಲಿ ಕೇಳಿ ಪಡೆಯಬಹುದು. ಓದಲು ಬಾರದ ಹಿರಿಯರಿಗೂ ತೋಟದ ಕೆಲಸಗಾರರಿಗೂ ತಾವೇ ಓದಿ ಹೇಳಬೇಕಾಗಿ ವಿನಂತಿ.

– ಕಾರ್ಯದರ್ಶಿ